ಹಳೇ ಜೀಪ್ ಕೊಳ್ಳುವುದು: ಮೊದಲು ನಂಬರ್, ಆಮೇಲೆ ಚಾಸಿಸ್, ಕೊನೆಗೆ ಇಂಜಿನ್

ತುಮಕೂರು, ಶಿರಾ, ಚಿಂತಾಮಣಿ, ಮುಳಬಾಗಿಲು ಕಡೆಯಿಂದ ನನಗೆ ಬರುವ ಫೋನ್‌ಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಜೀಪ್ ಕೊಂಡಾಗಿದೆ. ಪೂರ್ತಿ ದುಡ್ಡು ಕೊಟ್ಟಾಗಿದೆ. ಈಗ ಟಿಂಕರ್ (ತಗಡು ಕೆಲಸದವರು) ಫ್ಲೋರ್ ಬಿಚ್ಚಿದ್ದಾರೆ, ಕೆಳಗೆ ಚಾಸಿಸ್, ಅಂದರೆ ಇಡೀ ಗಾಡಿ ಹೊರುವ ಕಬ್ಬಿಣದ ಚೌಕಟ್ಟು, ತುಕ್ಕು ತಿಂದುಹೋಗಿದೆ. ಇಲ್ಲವೇ ಎಫ್‌ಸಿಗೆ (ಆರ್‌ಟಿಒದ ಫಿಟ್‌ನೆಸ್ ತಪಾಸಣೆಗೆ) ಹೋದಾಗ ಇನ್ಸ್‌ಪೆಕ್ಟರ್ ನಂಬರ್ ತಾಳೆ ಆಗುತ್ತಿಲ್ಲ ಅಂದಿದ್ದಾರೆ. 'ಈಗೇನ್ ಮಾಡ್ಲಿ ಅಣ್ಣಾ?'

ತಪ್ಪಾಗುವುದು ನೋಡುವ ಕ್ರಮದಲ್ಲಿ. ಮೊದಲು ಬಣ್ಣ, ಆಮೇಲೆ ಟೈರ್, ಆಮೇಲೆ ಸ್ಟಾರ್ಟ್. ಈ ಮೂರೂ ಚೆನ್ನಾಗಿದ್ದರೆ ಮನಸ್ಸು ಅಷ್ಟೊತ್ತಿಗೆ ಸೋತಿರುತ್ತದೆ. ಗೋಣಿಚೀಲ ಹಾಸಿಕೊಂಡು ಕೆಳಗೆ ನುಗ್ಗುವ ತಾಳ್ಮೆ ಉಳಿದಿರುವುದಿಲ್ಲ. ಈ ಕ್ರಮವನ್ನು ತಿರುಗಿಸಿ. ದುಡ್ಡು ಕೊಟ್ಟರೂ ಸರಿಯಾಗದ್ದನ್ನು ಮೊದಲು ನೋಡಿ, ದುಡ್ಡಿಗೆ ಸರಿಹೋಗುವುದನ್ನು ಕೊನೆಗೆ ನೋಡಿ. ಇಂಜಿನ್ ಬೋರ್ ಮಾಡಿಸಬಹುದು, ಬಣ್ಣ ಹೊಡೆಸಬಹುದು. ಸುಳ್ಳು ಚಾಸಿಸ್ ನಂಬರನ್ನು ಯಾವ ಮೆಕ್ಯಾನಿಕ್ಕೂ ಸರಿ ಮಾಡಲಾರರು.

ಇಲ್ಲಿ ಹೇಳಿರುವುದು ಮುಖ್ಯವಾಗಿ ಎರಡನೇ ಮಹಾಯುದ್ಧದ ಕಾಲದಿಂದ ಬಂದ ಅಮೆರಿಕದ ವಿಲ್ಲೀಸ್, ಫೋರ್ಡ್ ಮತ್ತು ನಮ್ಮ ಹಳೇ ಮಹೀಂದ್ರ ಜೀಪ್‌ಗಳ ಬಗ್ಗೆ. ಚಾಸಿಸ್ ಮತ್ತು ತುಕ್ಕಿನ ಭಾಗ ಮಾರುತಿ ಜಿಪ್ಸಿಗೂ ಮಿಲಿಟರಿಯ ಜೋಂಗಾಗೂ ಹೊಂದುತ್ತದೆ.

ಹೊರಡುವ ಮುಂಚೆ

ಮಾರುವವರಿಗೆ ಫೋನಿನಲ್ಲೇ ಎರಡು ಮಾತು ಹೇಳಿ. ಗಾಡಿ ತೊಳೆಯಬೇಡಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ತೊಳೆದ ಗಾಡಿಯಲ್ಲಿ ಆಯಿಲ್ ಸೋರಿಕೆ ಕಾಣುವುದಿಲ್ಲ. ಬಿಸಿ ಇಂಜಿನ್ ತನ್ನ ಕಾಯಿಲೆ ಹೇಳುವುದಿಲ್ಲ.

ಬ್ಯಾಗಿನಲ್ಲಿ ಇವು ಇರಲಿ: ಒಳ್ಳೇ ಟಾರ್ಚ್, ಬಟ್ಟೆ ಸುತ್ತಿದ ಆಯಸ್ಕಾಂತ, ಚಿಕ್ಕ ಸುತ್ತಿಗೆ, ಹಳೇ ಸ್ಕ್ರೂಡ್ರೈವರ್, ವೈರ್ ಬ್ರಷ್, ಅಳತೆ ಟೇಪ್, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ವೇಸ್ಟ್ ಬಟ್ಟೆ, ಪೆನ್ಸಿಲ್, ತೆಳು ಬಿಳಿ ಕಾಗದ, ಹಳೇ ಗೋಣಿಚೀಲ. ಕಣ್ಣಿಗೆ ಕನ್ನಡಕ ಮರೆಯಬೇಡಿ. ಕೆಳಗೆ ಮಲಗಿ ಕುಟ್ಟುವಾಗ ತುಕ್ಕು ನೇರ ಕಣ್ಣಿಗೇ ಬೀಳುತ್ತದೆ.

ಸಾಧ್ಯವಾದರೆ ಗಾಡಿಯನ್ನು ಹತ್ತಿರದ ವಾಟರ್ ಸರ್ವಿಸ್ ರ‍್ಯಾಂಪಿಗೆ ಹತ್ತಿಸಿ ನೋಡಿ. ಆಗದಿದ್ದರೆ ಎತ್ತಿ, ಚಾಸಿಸ್ ಕೆಳಗೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಕೊಟ್ಟೇ ಒಳಗೆ ಹೋಗಿ. ಬರೀ ಜಾಕ್ ನಂಬಿ ಯಾವತ್ತೂ ಕೆಳಗೆ ಹೋಗಬೇಡಿ. ತುಕ್ಕು ಹಿಡಿದ ಚಾಸಿಸ್ಸಿಗೆ ಜಾಕ್ ಕೊಟ್ಟರೆ ಜಾಕೇ ಒಳಗೆ ನುಗ್ಗುತ್ತದೆ.

1. ಕಾಗದ ಮತ್ತು ನಂಬರ್

ಮೊದಲು ಆರ್‌ಸಿ ಕೇಳಿ. ಜೆರಾಕ್ಸ್ ತೋರಿಸಿದರೆ ಅಸಲು ಕೇಳಿ. ಅಸಲು ಇಲ್ಲ ಅಂದರೆ ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ಅವರ ದಾಖಲೆಯಲ್ಲಿರುವ ಗಾಡಿ ವಿವರದ ನಕಲು) ತೆಗೆಸಿಕೊಡಿ ಅನ್ನಿ. ಎಷ್ಟೋ ಹಳೇ ಗಾಡಿಗಳ ವಿವರ ಆನ್‌ಲೈನಿನಲ್ಲಿ ಪೂರ್ತಿ ಸಿಗುವುದಿಲ್ಲ. ಮಾಲೀಕರ ಹೆಸರು, ಇಂಜಿನ್ ನಂಬರ್, ಚಾಸಿಸ್ ನಂಬರ್, ಇಂಧನ, ಸಾಲದ ನಮೂದು ಎಲ್ಲ ಬಿ ಎಕ್ಸ್‌ಟ್ರಾಕ್ಟಿನಲ್ಲಿ ಗೊತ್ತಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಒಂದು ವಿಷಯ ಜಾಸ್ತಿ ಎದುರಾಗುತ್ತದೆ. ಜೀಪ್ ತಾತನ ಹೆಸರಲ್ಲಿ ಇರುತ್ತದೆ. ತಾತ ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತದೆ. ಮಾರುವವರು ಮೊಮ್ಮಗ. ಅಂಥ ಗಾಡಿ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ಫಾರಂ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. 'ಸೈನ್ ಮಾಡಿಸಿ ಇಟ್ಟಿದ್ದೀವಿ, ಏನೂ ತೊಂದ್ರೆ ಇಲ್ಲ' ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಅಣ್ಣತಮ್ಮಂದಿರ ನಡುವೆ ಪಾಲಿನ ತಕರಾರು ಇದ್ದರೆ ಜೀಪೂ ಅದರೊಳಗೇ ಇರುತ್ತದೆ.

ನಂಬರ್ ಪ್ಲೇಟಿನ ಮೊದಲ ಅಂಕಿಯೂ ಏನೋ ಹೇಳುತ್ತದೆ. ಕೆಎ 06 ತುಮಕೂರು, 07 ಕೋಲಾರ, 40 ಚಿಕ್ಕಬಳ್ಳಾಪುರ. 19 ಮಂಗಳೂರು, 20 ಉಡುಪಿ, 18 ಚಿಕ್ಕಮಗಳೂರು, 12 ಕೊಡಗು. ಗಾಡಿ ಈಗ ಗೌರಿಬಿದನೂರಿನಲ್ಲಿ ಒಣಗಿ ನಿಂತಿರಬಹುದು. ಅದು ಕೆಎ 20 ಆಗಿದ್ದರೆ ಉಪ್ಪು ಗಾಳಿ ಕುಡಿದಿರುವ ಸಾಧ್ಯತೆ ಇದೆ. ಅಂಥ ಗಾಡಿಗೆ ಮೂರನೇ ಹಂತದಲ್ಲಿ ಎರಡರಷ್ಟು ಹೊತ್ತು ಕೊಡಿ.

ಈಗ ಚಾಸಿಸ್ ನಂಬರ್. ಬಾಡಿಗೆ ರಿವೆಟ್ ಹೊಡೆದಿರುವ ತಗಡಿನ ಪ್ಲೇಟ್ ನೋಡಿ ತೃಪ್ತಿಪಡಬೇಡಿ. ಅದನ್ನು ಯಾರು ಬೇಕಾದರೂ ಮಾಡಿಸಬಹುದು. ಚಾಸಿಸ್ ಕಬ್ಬಿಣದ ಮೇಲೆ ಕುಟ್ಟಿರುವ ನಂಬರ್ ಹುಡುಕಿ. ಸೀಮೆಎಣ್ಣೆ ಹಾಕಿ, ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಗ್ರೈಂಡರ್, ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರ ಎಷ್ಟೋ ಸಲ ಕಾಗದದ ಮೇಲೆ ಏಳುತ್ತದೆ.

ಇವು ಕಂಡರೆ ಅಲ್ಲಿಗೇ ನಿಲ್ಲಿಸಿ: ನಂಬರಿನ ಸುತ್ತ ಗ್ರೈಂಡರ್ ಗೆರೆ. ನಂಬರ್ ಇರುವ ತುಂಡಿನ ನಾಲ್ಕೂ ಕಡೆ ವೆಲ್ಡಿಂಗ್. ಒಂದು ಅಂಕಿ ಆಳ, ಪಕ್ಕದ್ದು ಮೇಲೆಮೇಲೆ. ಅಂಕಿಗಳ ಆಕಾರ ಬೇರೆ ಬೇರೆ. ಇಡೀ ಚಾಸಿಸ್ ಧೂಳು ಹಿಡಿದಿದ್ದು, ನಂಬರ್ ಜಾಗಕ್ಕೆ ಮಾತ್ರ ಹೊಸ ಕಪ್ಪು ಬಣ್ಣ. ಇದರಲ್ಲಿ ಒಂದಿದ್ದರೂ ನಾನು ಮುಂದಿನ ಹಂತಕ್ಕೆ ಹೋಗುವುದಿಲ್ಲ. ಎಷ್ಟು ಕಡಿಮೆಗೆ ಕೊಟ್ಟರೂ ಅಷ್ಟೇ.

ಇಂಜಿನ್ ನಂಬರೂ ಹೀಗೇ. ವಿಲ್ಲೀಸ್ ಪೆಟ್ರೋಲ್ ಇಂಜಿನ್‌ಗಳಲ್ಲಿ ಅದು ಬ್ಲಾಕಿನ (ಇಂಜಿನ್ನಿನ ಮುಖ್ಯ ಕಬ್ಬಿಣದ ಭಾಗದ) ಮುಂಭಾಗದಲ್ಲಿ, ವಾಟರ್ ಪಂಪಿನ ಹತ್ತಿರ ಇರುತ್ತದೆ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದು ಬಾನೆಟ್ ಕೆಳಗೆ ಡೀಸೆಲ್ ಕೂತಿದ್ದರೆ, ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಿಸಿದ್ದಾರಾ ಕೇಳಿ. ದಾಖಲಾಗಿಲ್ಲದಿದ್ದರೆ ನಾಳೆ ಎಫ್‌ಸಿಯಲ್ಲಿ ನಿಲ್ಲಿಸುವುದು ನಿಮ್ಮನ್ನೇ, ಮಾರಿದವರನ್ನಲ್ಲ. ಮಿಲಿಟರಿ ಹರಾಜಿನ ಗಾಡಿ ಅಂದರೆ ಹರಾಜಿನ ಬಿಡುಗಡೆ ಕಾಗದ ನೋಡಲೇಬೇಕು.

ಸ್ವಂತದ ಗಾಡಿಗೆ 15 ವರ್ಷದ ಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಫಾರಂ 25ರಲ್ಲಿ ಆರ್‌ಸಿ ನವೀಕರಣ ಆಗಬೇಕು. ಅದು ಯಾವಾಗ ಮುಗಿದಿದೆ, ಬಾಕಿ ತೆರಿಗೆ ಎಷ್ಟಿದೆ ಬರೆದುಕೊಳ್ಳಿ. ಬೆಲೆ ಮಾತಿಗೆ ಬೇಕಾಗುತ್ತದೆ.

2. ಇದು ನಿಜಕ್ಕೂ ಯಾವ ಜೀಪ್?

'1942ರ ಫೋರ್ಡ್, ಮಿಲಿಟರಿದು' ಅಂತ ಮಾರುವ ಗಾಡಿಗಳಲ್ಲಿ ಎಷ್ಟೋ ಹಾಗಿರುವುದಿಲ್ಲ. ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆ ಯುದ್ಧಕಾಲದ ಜೀಪಿನಂಥ ತಗ್ಗು ಬಾನೆಟ್ಟಿನ (ಲೋ ಬಾನೆಟ್) ಹೊಸ ಬಾಡಿ ಮಾಡಿಸಿ ಹಳೇ ಮಹೀಂದ್ರ ಚಾಸಿಸ್ಸಿನ ಮೇಲೆ ಕೂರಿಸುತ್ತಾರೆ. ಅಂಥ ಗಾಡಿ ಇಷ್ಟವಾದರೆ ಕೊಳ್ಳಿ. ಆದರೆ ಅಸಲಿ ಗಾಡಿಯ ಬೆಲೆ ಕೊಡಬೇಡಿ.

ಮೊದಲು ಟೇಪ್ ಹಿಡಿಯಿರಿ. ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೆ ಅಳೆಯಿರಿ. ಯುದ್ಧಕಾಲದ ವಿಲ್ಲೀಸ್, ಫೋರ್ಡ್ ಮತ್ತು ಆಮೇಲೆ ಬಂದ ಎತ್ತರದ ಬಾನೆಟ್ಟಿನ (ಹೈ ಬಾನೆಟ್) ಸಿಜೆ3ಬಿಯಲ್ಲಿ ಇದು ಸುಮಾರು 80 ಇಂಚು. ಮಹೀಂದ್ರದ ಎಂಎಂ540ಯಲ್ಲಿ ಸುಮಾರು 91 ಇಂಚು. ಮಾರುವವರು 1942 ಅಂದು ನಿಮ್ಮ ಟೇಪ್ 91 ಅಂದರೆ ಟೇಪನ್ನೇ ನಂಬಿ.

ಆಮೇಲೆ ಮುಖ ನೋಡಿ. ಗ್ರಿಲ್ಲಿನ ಉದ್ದ ಕಂಡಿ ಎಣಿಸಿ. ಯುದ್ಧಕಾಲದ ತಗಡಿನ ಗ್ರಿಲ್ಲಿಗೆ 9, ಸಿಜೆ ಸಾಲಿಗೆ 7. ಯುದ್ಧಕಾಲದ ಜೀಪಿಗೆ ಹಿಂದೆ ತೆರೆಯುವ ಬಾಗಿಲು ಇಲ್ಲ. ಅದರ ಹೆಡ್‌ಲೈಟ್ ಗ್ರಿಲ್ಲಿನ ಒಳಗೆ ಕೂತಿರುತ್ತದೆ. ಅದನ್ನು ಹಿಂದಕ್ಕೆ ಮಗುಚಿ ಇಂಜಿನ್ ಮೇಲೆ ಬೆಳಕು ಬೀಳುವಂತೆ ಮಾಡಬಹುದು. ಫೋರ್ಡ್ ಗಾಡಿಯಾದರೆ ಬೋಲ್ಟಿನ ತಲೆ ಮೇಲೆ, ಭಾಗಗಳ ಮೇಲೆ ಇಂಗ್ಲಿಷಿನ ಎಫ್ ಅಕ್ಷರ ಇರುತ್ತದೆ. ಗ್ರಿಲ್ಲಿನ ಕೆಳಗೆ ಎರಡು ಚಾಸಿಸ್ ತೋಳುಗಳನ್ನು ಸೇರಿಸುವ ಅಡ್ಡಪಟ್ಟಿ ವಿಲ್ಲೀಸಿನಲ್ಲಿ ದುಂಡು ಪೈಪು. ಫೋರ್ಡಿನಲ್ಲಿ ಬೋರಲು ಹಾಕಿದ ಕಾಲುವೆಯ ಥರ. ನಕಲಿ ಬಾಡಿ ಮಾಡುವವರು ಗ್ರಿಲ್ ಚೆನ್ನಾಗಿ ಮಾಡುತ್ತಾರೆ, ಈ ಅಡ್ಡಪಟ್ಟಿಯ ಗೋಜಿಗೆ ಹೋಗುವುದು ಕಡಿಮೆ.

ಹೈ ಬಾನೆಟ್ ಯಾಕೆ ಹೈ ಅಂತ ಗೊತ್ತಿದ್ದರೆ ಇನ್ನೊಂದು ಪರೀಕ್ಷೆ ಸುಲಭ. ಹಳೇ ಇಂಜಿನ್ನಿನಲ್ಲಿ ವಾಲ್ವ್‌ಗಳೆಲ್ಲ ಬ್ಲಾಕಿನ ಪಕ್ಕದಲ್ಲೇ ಇದ್ದವು, ಹೆಡ್ ಚಪ್ಪಟೆ. 1953ರ ಸಿಜೆ3ಬಿಗೆ ಬಂದ ಹರಿಕೇನ್ ಇಂಜಿನ್ನಿನಲ್ಲಿ ಒಳಗಾಳಿ ವಾಲ್ವ್ ಮೇಲಕ್ಕೆ ಹೋಯಿತು. ಇಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತಬೇಕಾಯಿತು. ಎರಡೂ 134 ಕ್ಯೂಬಿಕ್ ಇಂಚು, ಅಂದರೆ 2.2 ಲೀಟರ್. ಲೋ ಬಾನೆಟ್ ಕೆಳಗೆ ವಾಲ್ವ್ ಕವರ್ ಇರುವ ಎತ್ತರದ ಹೆಡ್ ಕಂಡರೆ ಇಂಜಿನ್ ಬದಲಾಗಿದೆ, ಇಲ್ಲವೇ ಬಾಡಿ ಬದಲಾಗಿದೆ.

ಅಸಲಿತನ ಅನ್ನುವುದನ್ನು ಒಂದೇ ಮಾತಿನಲ್ಲಿ ಹೌದು, ಅಲ್ಲ ಅಂತ ಬರೆಯಬೇಡಿ. ಚಾಸಿಸ್, ಬಾಡಿ, ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ (ಎರಡು ಚಕ್ರ ಸೇರಿಸುವ ಅಚ್ಚು) ಐದಕ್ಕೂ ಬೇರೆ ಬೇರೆ ಬರೆಯಿರಿ. ನನ್ನ ಲೆಕ್ಕದಲ್ಲಿ ಚಾಸಿಸ್ ಮತ್ತು ಆಕ್ಸಲ್ ಅಸಲಿ ಇದ್ದು ಬಾಡಿ ಬದಲಾಗಿರುವ ಗಾಡಿ, ಬಾಡಿ ಮಾತ್ರ ಅಸಲಿ ಇರುವ ಗಾಡಿಗಿಂತ ಒಳ್ಳೇದು.

ವಿಂಟೇಜ್ ನೋಂದಣಿ ಮಾಡಿಸುವ ಆಸೆ ಇದ್ದರೆ ಇದು ಇನ್ನೂ ಮುಖ್ಯ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆ ಗಾಡಿಯನ್ನು ದಿನಾ ತೋಟಕ್ಕೆ, ಸಂತೆಗೆ ಓಡಿಸುವ ಹಾಗಿಲ್ಲ. ದಿನಬಳಕೆಗೇ ಬೇಕಾದರೆ ಮಾಮೂಲಿ ನವೀಕರಣವೇ ಸರಿ.

3. ಚಾಸಿಸ್: ಇಲ್ಲಿ ಅವಸರ ಬೇಡ

ಬಯಲುಸೀಮೆ ಗಾಡಿಗೆ ತುಕ್ಕು ಇಲ್ಲ ಅನ್ನುವ ನಂಬಿಕೆ ಅರ್ಧ ಸರಿ. ಮಳೆ ಕಡಿಮೆ, ನಿಜ. ಆದರೆ ನಮ್ಮ ಜೀಪ್‌ಗಳು ಯೂರಿಯಾ ಮೂಟೆ ಹೊತ್ತಿವೆ, ಕುರಿ ಗೊಬ್ಬರ ಹೊತ್ತಿವೆ. ಶಿಡ್ಲಘಟ್ಟ, ದೇವನಹಳ್ಳಿ ಹತ್ತಿರದ ವಿಜಯಪುರದ ಕಡೆ ರೇಷ್ಮೆ ಹುಳು ಮನೆಗೆ ಬ್ಲೀಚಿಂಗ್ ಪೌಡರ್ ಸಾಗಿಸಿವೆ. ಇವೆಲ್ಲ ಕಬ್ಬಿಣ ತಿನ್ನುತ್ತವೆ. ಇನ್ನೊಂದು ನಮ್ಮ ಕೆಂಪು ಧೂಳು. ಚಾಸಿಸ್ಸಿನ ಮೇಲ್ಭಾಗದಲ್ಲಿ, ಬಾಡಿ ಕೂರುವ ಸಂದಿನಲ್ಲಿ ಅದು ಮೆತ್ತಿಕೊಂಡು ತೇವ ಹಿಡಿದಿಡುತ್ತದೆ.

ತುಕ್ಕಿನಲ್ಲಿ ಮೂರು ಬಗೆ ಅಂತ ಇಟ್ಟುಕೊಳ್ಳಿ. ವೈರ್ ಬ್ರಷ್ ನಾಲ್ಕು ಸಲ ಆಡಿಸಿದರೆ ಬೂದು ಕಬ್ಬಿಣ ಕಂಡರೆ ಅದು ಮೇಲ್ತುಕ್ಕು, ಚಿಂತೆ ಇಲ್ಲ. ಉಜ್ಜಿದ ಮೇಲೂ ಸಿಡುಬಿನ ಕಲೆ ಥರ ಗುಳಿ ಉಳಿದರೆ ಕಬ್ಬಿಣ ತೆಳುವಾಗಿದೆ, ಸುತ್ತಿಗೆ ಬೇಕು. ಎರಡು ಪ್ಲೇಟ್ ಸೇರುವ ಕಡೆ ಸಂದಿ ಉಬ್ಬಿಕೊಂಡು, ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ ಅದೇ ಕೆಟ್ಟದ್ದು. ಹೊರಗೆ ಒಂದು ಬೆರಳಷ್ಟು ಕಂಡರೆ ಒಳಗೆ ಗೇಣುದ್ದ ಇರುತ್ತದೆ.

ಕುಟ್ಟುವ ಕ್ರಮ ಹೀಗಿರಲಿ. ಮುಂದಿನ ಬಂಪರಿನಿಂದ ಶುರು ಮಾಡಿ ಹಿಂದಿನವರೆಗೆ, ಒಂದೊಂದು ಗೇಣಿಗೆ ಒಂದು ಪೆಟ್ಟು, ಮೆಲ್ಲಗೆ. ಗಟ್ಟಿ ಕಬ್ಬಿಣ 'ಟಣ್' ಅನ್ನುತ್ತದೆ. ಕೊಳೆತದ್ದು 'ದಬ್' ಅನ್ನುತ್ತದೆ. ಕಮಾನು ಪಟ್ಟಾ (ಲೀಫ್ ಸ್ಪ್ರಿಂಗ್) ಹಿಡಿಯುವ ನಾಲ್ಕೂ ಕಡೆ, ಪಟ್ಟಾದ ತುದಿ ತೂಗುವ ಶ್ಯಾಕಲ್ ಬ್ರಾಕೆಟ್, ಗೇರ್‌ಬಾಕ್ಸ್ ಕೂರುವ ಅಡ್ಡಪಟ್ಟಿ, ಹಿಂದಿನ ಕೊನೆಯ ಅಡ್ಡಪಟ್ಟಿ, ಇಷ್ಟು ಜಾಗದಲ್ಲಿ ಇಂಚಿಂಚು ಕುಟ್ಟಿ.

ಒಂದು ಬೇಸಿಗೆಯಲ್ಲಿ ಶ್ರೀನಿವಾಸಪುರದ ಹತ್ತಿರ ಮಾವಿನ ತೋಟವೊಂದಕ್ಕೆ ಗೆಳೆಯನ ಜೊತೆ ಹೋಗಿದ್ದೆ. ಹಸಿರು ಜೀಪ್. ಕೆಳಗೆಲ್ಲ ಹೊಸ ಕಪ್ಪು ಕೋಟಿಂಗ್, ಹಚ್ಚಿದ ವಾಸನೆ ಇನ್ನೂ ಹೋಗಿರಲಿಲ್ಲ. ಮುಂದಿನಿಂದ ಟಣ್ ಟಣ್ ಅಂತ ಬಂತು. ಹಿಂದಿನ ಎಡಗಡೆ ಪಟ್ಟಾ ಬ್ರಾಕೆಟ್ ದಾಟುತ್ತಲೇ ದಬ್. 'ಸ್ವಲ್ಪ ಕೆರೆದು ನೋಡ್ಲಾ ಯಜಮಾನ್ರೇ?' ಅಂತ ಕೇಳಿದೆ. 'ನೋಡಿ ಸ್ವಾಮಿ, ಅದಕ್ಕೇನು' ಅಂದರು. ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ. ಕಪ್ಪು ಪದರ ರಬ್ಬರಿನ ಥರ ಸುಲಿದು ಬಂತು. ಅದರ ಕೆಳಗೆ ತಗಡಿನ ತುಂಡು, ತಗಡಿನ ಹಿಂದೆ ಪುಟ್ಟಿ, ಪುಟ್ಟಿ ಹಿಂದೆ ಏನೂ ಇಲ್ಲ. ಸ್ಕ್ರೂಡ್ರೈವರ್ ಹಿಡಿಯವರೆಗೆ ಒಳಗೆ ಹೋಯಿತು. ರಾಗಿ ಹಿಟ್ಟಿನ ಬಣ್ಣದ ಪುಡಿ ಗೋಣಿಚೀಲದ ಮೇಲೆ ಸುರಿಯಿತು. ಯಜಮಾನರು ಬಗ್ಗಿ ನೋಡಿದರು. 'ಅಯ್ಯೋ, ಇದು ನಂಗೂ ಗೊತ್ತಿರ್ಲಿಲ್ಲ' ಅಂದರು. ಅವರ ಮುಖ ನೋಡಿದರೆ ಅದು ನಿಜ ಅನ್ನಿಸಿತು. ಅವರೂ ಎರಡು ವರ್ಷದ ಹಿಂದೆ ಬಣ್ಣ ನೋಡಿಯೇ ಕೊಂಡಿದ್ದರು.

ಅದಕ್ಕೇ ಹೇಳುವುದು, ಮಾರಾಟಕ್ಕೆ ಮುಂಚೆ ಹಚ್ಚಿದ ಕಪ್ಪು ಕೋಟಿಂಗನ್ನು ಎಚ್ಚರಿಕೆ ಅಂತಲೇ ತಿಳಿಯಿರಿ. ಕೆರೆಯಲು ಬಿಡುವುದಿಲ್ಲ ಅಂದರೆ ಉತ್ತರ ಸಿಕ್ಕಿದ ಹಾಗೇ.

ವೆಲ್ಡಿಂಗ್ ಇದ್ದ ಮಾತ್ರಕ್ಕೆ ಬಿಡಬೇಕಿಲ್ಲ. ಕೊಳೆತ ಭಾಗ ಕತ್ತರಿಸಿ, ಅಷ್ಟೇ ದಪ್ಪದ ಪ್ಲೇಟ್ ಕೂರಿಸಿ, ಪೂರ್ತಿ ಎಳೆದ ವೆಲ್ಡಿಂಗ್ ಒಳ್ಳೇ ಕೆಲಸ. ಕೊಳೆತದ್ದರ ಮೇಲೇ ಪ್ಲೇಟ್ ಇಟ್ಟು ಅಲ್ಲಲ್ಲಿ ಚುಕ್ಕಿ ಹೊಡೆದಿದ್ದರೆ ತುಕ್ಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಕಂಪನಿಯಿಂದ ಬಂದ ಅಡ್ಡಪಟ್ಟಿಗಳು ರಿವೆಟ್ಟಿನಲ್ಲಿ ಕೂತಿರುತ್ತವೆ. ರಿವೆಟ್ ಜಾಗದಲ್ಲಿ ನಟ್ಟು ಬೋಲ್ಟು ಇದ್ದರೆ ಯಾವಾಗಲೋ ಬಿಚ್ಚಿದ್ದಾರೆ. ಯಾಕೆ ಅಂತ ಕೇಳಿ.

ಕೊನೆಗೆ ಎಡಗಡೆ, ಬಲಗಡೆ ಎರಡೂ ಕಡೆ ಚಕ್ರದ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ, ಸ್ಟೇರಿಂಗ್ ನೇರ ಇರಲಿ. ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಪಟ್ಟಾದ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿರಬಹುದು, ಇಲ್ಲವೇ ಚಾಸಿಸ್ ಬಗ್ಗಿರಬಹುದು. ಮೊದಲನೆಯದು ಅರ್ಧ ದಿನದ ಕೆಲಸ. ಎರಡನೆಯದು ಗಾಡಿ ಬಿಟ್ಟು ಬರುವ ಕಾರಣ.

4. ಬಾಡಿ

ಮ್ಯಾಟ್ ಎತ್ತಿಸಿ. ನನ್ನ ಮೊದಲ ಜೀಪಿನಲ್ಲಿ ಫ್ಲೋರಿಗೆ ಹೊಳೆಯುವ ಅಲ್ಯೂಮಿನಿಯಂ ಚೆಕರ್ ಶೀಟ್ ಹಾಕಿದ್ದರು. ನೋಡಲು ಚೆಂದ ಇತ್ತು, ಗಟ್ಟಿ ಮಾಡಿಸಿದ್ದಾರೆ ಅಂದುಕೊಂಡೆ. ಮೊದಲ ಮಳೆಗಾಲದಲ್ಲಿ ಕ್ಲಚ್ ಪೆಡಲ್ ಪಕ್ಕ ಶೀಟ್ ಕುಸಿಯಿತು. ಬಿಚ್ಚಿದರೆ ಕೆಳಗಿನ ಅಸಲು ಫ್ಲೋರ್ ಹಪ್ಪಳದ ಥರ ಪುಡಿಯಾಗಿತ್ತು. ಚೆಕರ್ ಶೀಟ್ ಇದ್ದರೆ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಕೆಳಗೂ ಅದೇ ಶೀಟ್ ಕಂಡರೆ ಅಸಲು ಫ್ಲೋರ್ ಅಲ್ಲಿಲ್ಲ.

ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಬಾಡಿ ಮೇಲೆ ಎಳೆಯುತ್ತಾ ಹೋಗಿ. ಬಾನೆಟ್ ಮಧ್ಯದಲ್ಲಿ ಎಷ್ಟು ಗಟ್ಟಿ ಹಿಡಿಯುತ್ತದೆ ನೋಡಿಟ್ಟುಕೊಳ್ಳಿ, ಅದೇ ಅಳತೆಗೋಲು. ಹಿಡಿತ ಸಡಿಲವಾದರೆ ಪುಟ್ಟಿ. ಹಿಂದಿನ ಎರಡು ಮೂಲೆ, ಹಿಂದಿನ ಚಕ್ರದ ಮೇಲ್ಭಾಗ, ಹತ್ತುವ ಜಾಗದ ಕೆಳಂಚು, ಗಾಜಿನ ಚೌಕಟ್ಟಿನ ಕೆಳಗಿನ ಅಂಚು, ಈ ನಾಲ್ಕು ಜಾಗ ತಪ್ಪಿಸಬೇಡಿ.

ಫ್ಲೋರ್ ಕೆಳಗೆ ಬಾಡಿಗೆ ಬಲ ಕೊಡುವ ಟೋಪಿ ಆಕಾರದ ಚಾನಲ್‌ಗಳಿವೆ. ಹಳೇ ವಿಲ್ಲೀಸ್, ಫೋರ್ಡ್ ಗಾಡಿಗಳಲ್ಲಿ ಅದರೊಳಗೆ ಮರದ ಪಟ್ಟಿ ಇರುತ್ತದೆ. ಮರ ನೀರು ಹೀರುತ್ತದೆ, ಚಾನಲ್ ಒಳಗಿನಿಂದ ತಿನ್ನುತ್ತದೆ. ಸ್ಕ್ರೂಡ್ರೈವರಿನಲ್ಲಿ ಒತ್ತಿ ನೋಡಿ. ಡ್ರೈವರ್ ಸೀಟ್ ಕೆಳಗಿನ ಟ್ಯಾಂಕ್ ಕೂರುವ ಗುಂಡಿ, ಬ್ಯಾಟರಿ ತಟ್ಟೆ, ಬಾಡಿ ಬೋಲ್ಟ್ ಸುತ್ತಲಿನ ತಗಡು, ಇವನ್ನೂ ನೋಡಿ. ತೆಂಗಿನ ತೋಟದಲ್ಲಿ ವರ್ಷಗಟ್ಟಲೆ ನಿಂತ ಗಾಡಿಯಾದರೆ ಹಿಂದಿನ ಮೂಲೆಗಳಲ್ಲಿ ಸೋಗೆ, ಕಸ ಕೊಳೆತಿರುತ್ತದೆ. ಕೈ ಹಾಕುವ ಮುಂಚೆ ಕಡ್ಡಿ ಹಾಕಿ. ಚೇಳು ಇರುತ್ತವೆ.

ಫ್ಲೋರ್ ಹೋಗಿದ್ದರೆ ಗಾಡಿ ಬಿಡಬೇಕಿಲ್ಲ. ಒಳ್ಳೇ ಟಿಂಕರ್ ಸಿಕ್ಕರೆ ಹೊಸ ಫ್ಲೋರ್ ಕೂರಿಸುತ್ತಾರೆ. ಖರ್ಚನ್ನು ಬೆಲೆಯಲ್ಲಿ ಇಳಿಸಿ.

5. ಆಕ್ಸಲ್ ಮತ್ತು ಫೋರ್ ವೀಲ್

ಮೈಲೇಜ್ ಆಸೆಗೆ ಮುಂದಿನ ಪ್ರೊಪೆಲರ್ ಶಾಫ್ಟ್ (ಮುಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಉದ್ದ ಸರಳು) ಬಿಚ್ಚಿಟ್ಟಿರುವ ಜೀಪ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ. ಶಾಫ್ಟ್ ಇದೆಯಾ ನೋಡಿ. ಇದ್ದರೂ ಮುಂದಿನ ಆಕ್ಸಲ್ ಹೌಸಿಂಗ್ ಒಳಗೆ ಕ್ರೌನ್, ಪಿನಿಯನ್ ಗೇರುಗಳು ಇವೆಯಾ ಗೊತ್ತಾಗುವುದು ಓಡಿಸಿದಾಗಲೇ. ಮಹೀಂದ್ರದಲ್ಲಿ ಕಂಪನಿಯಿಂದಲೇ ಟೂ ವೀಲ್ ಡ್ರೈವ್ ಆಗಿ ಬಂದ ಗಾಡಿಗಳೂ ಇವೆ. ಫೋರ್ ವೀಲ್ ಲಿವರ್ ಇದೆ ಅಂದ ಮಾತ್ರಕ್ಕೆ ಅಸಲಿ ಅಲ್ಲ.

ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಕಿಂಗ್‌ಪಿನ್ (ಚಕ್ರ ತಿರುಗುವ ಗೂಟ) ಅಥವಾ ಬೇರಿಂಗ್ ಸವೆದಿದೆ. ಚಕ್ರದ ಒಳಗಡೆ ಇರುವ ದುಂಡು ಗೂಡಿನ ಹಿಂದೆ ಗ್ರೀಸ್ ತೇವ ಸ್ವಲ್ಪ ಇದ್ದರೆ ಮಾಮೂಲಿ. ಟೈರ್ ಒಳಮೈಗೆ ಚೆಲ್ಲಿದ್ದರೆ ಸೀಲ್ ಹೋಗಿದೆ.

6. ಇಂಜಿನ್

ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಸುರಿದಿದ್ದರೆ ಒಳಗೆ ಬಿಳೀ ಸುಣ್ಣದ ಪದರ ಕಟ್ಟಿರುತ್ತದೆ, ನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಕಟ್ಟುವ ಹಾಗೇ. ಬ್ಲಾಕಿನೊಳಗೂ ಅದೇ ಸ್ಥಿತಿ. ಅಂಥ ಗಾಡಿಯ ಇಂಜಿನ್ ನಂದಿ ಬೆಟ್ಟ ಹತ್ತುವಾಗ ವಿಪರೀತ ಬಿಸಿಯಾಗುತ್ತದೆ.

ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಸ್ಟಾರ್ಟ್ ಮಾಡಿ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಹೊಗೆ ದಬದಬ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿವೆ. ನೀಲಿ ಹೊಗೆ ಆಯಿಲ್ ಸುಡುವುದು. ಬೆಚ್ಚಗಾದ ಮೇಲೂ ನಿಲ್ಲದ ಬಿಳಿ ಹೊಗೆ ಇದ್ದರೆ ಮೆಕ್ಯಾನಿಕ್ ಕರೆಸಿ.

7. ಓಡಿಸಿ ನೋಡುವುದು

ಹದಿನೈದು ನಿಮಿಷ ಸಾಕು, ಆದರೆ ನೀವೇ ಓಡಿಸಿ. ಪ್ರತಿ ಗೇರಿನಲ್ಲೂ ಆಕ್ಸಲರೇಟರ್ ಒತ್ತಿ ಬಿಡಿ, ಗೇರ್ ಹಾರಿ ಬರುತ್ತದಾ ನೋಡಿ. ಫೋರ್ ವೀಲ್ ಹಾಕುವುದು ಮಣ್ಣಿನ ಮೇಲೆ ಮಾತ್ರ. ಟಾರ್ ರಸ್ತೆಯಲ್ಲಿ ಹಾಕಿ ತಿರುಗಿಸಿದರೆ ಗೇರುಗಳಿಗೆ ಪೆಟ್ಟು. ಕೆರೆ ಅಂಗಳದಂಥ ಸಡಿಲ ಜಾಗದಲ್ಲಿ ಫೋರ್ ವೀಲಿನ ಲೋ ಗೇರ್ ಹಾಕಿ ಮೆಲ್ಲಗೆ ಓಡಿಸಿ, ಗೆಳೆಯರೊಬ್ಬರು ದೂರದಲ್ಲಿ ನಿಂತು ಮುಂದಿನ ಚಕ್ರ ಎಳೆಯುತ್ತಿದೆಯಾ ನೋಡಲಿ.

8. ಬೆಲೆ ಮತ್ತು ಹಸ್ತಾಂತರ

ಆ ದಿನವೇ ಅಡ್ವಾನ್ಸ್ ಕೊಡಬೇಡಿ. 'ಬೆಂಗಳೂರಿನವರು ಸಂಜೆ ಬರ್ತಾರೆ' ಅನ್ನುವ ಮಾತು ಎಲ್ಲ ಕಡೆಯೂ ಬರುತ್ತದೆ. ಬರೆದುಕೊಂಡ ಪಟ್ಟಿ, ಫೋಟೋ ತಗೊಂಡು ನಿಮ್ಮೂರಿನ ಟಿಂಕರ್ ಮತ್ತು ಮೆಕ್ಯಾನಿಕ್ ಹತ್ತಿರ ಕೂತು ಖರ್ಚು ಹಾಕಿಸಿ. ಅದಕ್ಕೆ ನವೀಕರಣ, ತೆರಿಗೆ ಬಾಕಿ ಸೇರಿಸಿ. ಈ ಲೆಕ್ಕ ಮುಂದಿಟ್ಟು ಮಾತಾಡಿದರೆ ಮಾರುವವರಿಗೂ ಬೇಸರ ಆಗುವುದಿಲ್ಲ, ಸುಮ್ನೆ ಕಡಿಮೆ ಕೇಳಿದ ಹಾಗಿರುವುದಿಲ್ಲ.

ಒಪ್ಪಿಗೆಯಾದರೆ ಫಾರಂ 29, 30ಕ್ಕೆ ಸಹಿ, ಸಾಲ ಇದ್ದಿದ್ದರೆ ಅದು ತೀರಿದ್ದಕ್ಕೆ ಫಾರಂ 35. ಕರಾರಿನಲ್ಲಿ ಗಾಡಿ ಕೈ ಬದಲಿಸಿದ ತಾರೀಕು ಮಾತ್ರ ಅಲ್ಲ, ಗಂಟೆಯನ್ನೂ ಬರೆಸಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಾಡಿ ಎಳೆಯುವ ಮುಂಚೆ ನಂಬರಿನ ಪೆನ್ಸಿಲ್ ಪ್ರಿಂಟ್ ಇನ್ನೊಂದು ಸಲ ತೆಗೆದು, ಮೊದಲ ದಿನದ ಪ್ರಿಂಟಿನ ಪಕ್ಕ ಇಟ್ಟು ನೋಡಿ. ಎರಡನ್ನೂ ಆರ್‌ಸಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.